ಪ್ರೆಸ್ಸಿಗೆ ತೊಡಿಸಿದ ಕಮಲ

ಆಯುಧಪೂಜೆಗೆ ಇನ್ನು ಹನ್ನೆರಡು ದಿನ ಇತ್ತು. ಮಲ್ಲಿ ರೊಟ್ಟಿ ಮುರಿಯುತ್ತ, "ಅವ್ವ, ಈ ಸಲ ಅಲಂಕಾರ ಜೋರಾಗಿರಬೇಕು ನೋಡು. ಹೊಸ ಆರ್ಡರ್ ಕೊಡೋ ಹೊಸೂರು ರಸ್ತೆ ಕಂಪನಿಯೋರು ಪೂಜೆಗೆ ಬರ್ತೀವಿ ಅಂದಾರೆ," ಎಂದ.

ಮಲ್ಲಿ ನನ್ನ ಮಗ. ಪೂರ್ತಿ ಹೆಸರು ಮಲ್ಲಿಕಾರ್ಜುನ. ಪೀಣ್ಯದಲ್ಲಿ ಎಲ್ಲರಿಗೂ ಮಲ್ಲಿಕ್ ಸಾರ್. ಪೀಣ್ಯ ಎರಡನೇ ಹಂತದಲ್ಲಿ ಅವನದೊಂದು ಶೆಡ್ಡು. ತಗಡಿನ ಹಾಳೆಗಳನ್ನು ಕತ್ತರಿಸಿ, ಒತ್ತಿ, ಫ್ಯಾನು ಮಿಕ್ಸಿಗಳ ಹೊಟ್ಟೆಯೊಳಗೆ ಕೂರುವ ಸಣ್ಣಪುಟ್ಟ ಭಾಗಗಳನ್ನು ಮಾಡುತ್ತಾರೆ. ಆಗ ಇಪ್ಪತ್ತೆರಡು ಜನ ಕೆಲಸಕ್ಕಿದ್ದರು. ನಮ್ಮವರು ಸಿದ್ದರಾಮಪ್ಪನವರು ಚಿತ್ರದುರ್ಗದಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಅವರು ಹೋದ ಮೇಲೆ ನಾನು ರಾಜಾಜಿನಗರದಲ್ಲಿ ಮಗನ ಫ್ಲ್ಯಾಟಿಗೆ ಬಂದೆ. ನಾನೂ ಬಿ.ಎ. ಮಾಡಿದವಳೇ. ಆದರೆ ಓದಿಗಿಂತ ನನಗೆ ಹೆಚ್ಚು ಆಸರೆಯಾದದ್ದು ಕೈಗೆ ಅಂಟಿದ ಚಿತ್ರ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಸೆ ಬರೆಯಲು ರುದ್ರಮ್ಮನೇ ಬರಬೇಕಿತ್ತು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಬಿಳಿಯ ಎಳೆ ಎಳೆದು ಮುಗಿಸಿದ ಮೇಲೆ, ಅಲ್ಲಿಯವರೆಗೆ ಕಿರುಚಾಡುತ್ತಿದ್ದ ಬೀಗರು ಕೂಡ ಅದರ ಮುಂದೆ ಬಂದರೆ ದನಿ ತಗ್ಗಿಸುತ್ತಿದ್ದರು. ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚೆಂದ ಮಾಡಿದ್ದೆಲ್ಲ ದೇವರಿಗೆ ಸಲ್ಲುತ್ತದೆ ಎಂದು ನಂಬಿಕೊಂಡೇ ಅರವತ್ತೆಂಟು ವರ್ಷ ಕಳೆದಿದ್ದೆ.

ಮಲ್ಲಿಯ ಶೆಡ್ಡಿಗೆ ಮೊದಲೆರಡು ವರ್ಷ ಬರಿ ರಂಗೋಲಿ ಹಾಕಿ ಬಂದೆ. ಆಮೇಲೆ ಮಿಷನ್ನುಗಳಿಗೂ ಕೈ ಹಚ್ಚಿದೆ. ಆ ಶೆಡ್ಡಿನಲ್ಲಿ ವರ್ಷವಿಡೀ ಕಣ್ಣಿಗೆ ಬೀಳುವುದು ಗ್ರೀಸು, ಕಬ್ಬಿಣದ ಪುಡಿ, ಮಸಿ ಹಿಡಿದ ಟ್ಯೂಬ್‌ಲೈಟು, ಇಷ್ಟೇ. ಒಂದು ದಿನವಾದರೂ ಅಲ್ಲಿ ಕೂತು ದುಡಿಯುವವರ ಕಣ್ಣಿಗೆ ತಂಪಾಗಲಿ ಅನ್ನಿಸಿತು.

ಶೆಡ್ಡಿನ ನಡುವೆ ಒಂದು ದೊಡ್ಡ ಪವರ್ ಪ್ರೆಸ್ಸಿದೆ. ಆಳೆತ್ತರಕ್ಕೂ ಮೇಲು. ಮೇಲಿನಿಂದ ಉಕ್ಕಿನ ದಿಮ್ಮಿಯೊಂದು ಧಡ್ ಎಂದು ಇಳಿದು ಕೆಳಗಿಟ್ಟ ತಗಡನ್ನು ಒತ್ತಿ ಮತ್ತೆ ಮೇಲೇರುತ್ತದೆ. ಕೆಲಸಗಾರರು ಅದನ್ನು ಬಸವ ಅನ್ನುತ್ತಾರೆ. ಹಿಂದಿನ ವರ್ಷದ ಪೂಜೆಗೆ ನಾನು ಅದರ ಬೆಲ್ಟಿನ ಮೇಲಿನ ಕಬ್ಬಿಣದ ಮುಚ್ಚಳಕ್ಕೆ ನಂದಿಯ ಮುಖ ಬರೆದೆ. ಎನಾಮಲ್ ಪೇಂಟು. ಬಿಳಿಯ ಮುಖ, ಹೊಂಬಣ್ಣದ ಕೊಂಬು, ಹಣೆಗೆ ಮೂರೆಳೆ ವಿಭೂತಿ. ನಾಲ್ಕು ದಿನ ಹಿಡಿಯಿತು. ಫೋರ್‌ಮನ್ ಮುನಿಯಣ್ಣ ನನಗೆ ಏಣಿ ಹಿಡಿದುಕೊಂಡು ನಿಲ್ಲುತ್ತಿದ್ದ. ಬೇರೆ ಯಾರ ಕೈಗೂ ಆ ಏಣಿಯನ್ನು ಕೊಡುತ್ತಿರಲಿಲ್ಲ.

ಮುಖ ಮುಗಿಸಿ ದೂರ ನಿಂತು ನೋಡಿದಾಗ ಒಂದು ಕಡೆ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಪ್ರೆಸ್ಸಿನ ಎರಡೂ ಪಕ್ಕದಲ್ಲಿ, ಮೊಳಕೈ ಎತ್ತರಕ್ಕೆ, ಅಂಗೈ ಅಗಲದ ಎರಡು ಹಸಿರು ಬಟನ್ನುಗಳಿವೆ. ಬಲಗಡೆಯ ಬಟನ್ನಿನ ಮೇಲೆ ಹಳೇ ಟೈರಿನ ತುಂಡಿಟ್ಟು ತುಕ್ಕು ಹಿಡಿದ ತಂತಿಯಿಂದ ಬಿಗಿದು ಕಟ್ಟಿದ್ದರು.

"ಇದೇನಪ್ಪಾ ಮುನಿಯಣ್ಣ, ಇಷ್ಟು ಅಸಹ್ಯವಾಗಿ?" ಎಂದೆ.

"ಅದು ಅಂಗೇ ಇರ್ಲಿ ಬುಡಮ್ಮಾ," ಎಂದ ಅವನು, ಏಣಿಯನ್ನು ಎತ್ತಿಕೊಳ್ಳುತ್ತ.

ನಾನು ಮತ್ತೆ ಕೇಳಲಿಲ್ಲ. ಮನೆಯಿಂದ ಗುಲಾಬಿ ಬಣ್ಣದ ಸ್ಯಾಟಿನ್ ಬಟ್ಟೆ ತಂದೆ. ರಟ್ಟಿನ ಮೇಲೆ ಎಸಳು ಎಸಳಾಗಿ ಹೊಲಿದು, ಅಂಚಿಗೆ ನನ್ನ ಹಳೇ ಸೀರೆಯ ಜರಿ ಕೊಟ್ಟು ಒಂದು ಕಮಲ ಮಾಡಿದೆ. ಎಸಳುಗಳನ್ನು ಕತ್ತರಿಸಿಕೊಟ್ಟವಳು ರಾಣಿ. ಹೆಗ್ಗನಹಳ್ಳಿಯ ಹುಡುಗಿ, ಮದುವೆಯಾಗಿ ಒಂದು ಮಗು. ಆಗ ಪ್ಯಾಕಿಂಗಿನಲ್ಲಿದ್ದಳು. ರಂಗೋಲಿ ಪುಡಿ ಅವಳ ಬೆರಳಿನಿಂದ ನೂಲಿನ ಹಾಗೆ ಇಳಿಯುತ್ತಿತ್ತು.

"ಅಮ್ಮಾ, ಇದು ಕಮಲಾನಾ, ಎಲೆಕೋಸಾ?" ಎಂದು ನಕ್ಕಳು.

"ನೀನು ಕತ್ತರಿಸಿದ್ದಲ್ವೇನೇ? ನೀನೇ ಹೇಳು."

"ಅಂಗಾದ್ರೆ ಕಮಲಾನೇ ಬುಡಿ."

ಆ ಕಮಲವನ್ನು ತಂತಿಯ ಮೇಲೆ ಬಿಗಿಯಾಗಿ ಕಟ್ಟಿದೆ. ತಂತಿಯೂ ಟೈರಿನ ತುಂಡೂ ಪೂರ್ತಿ ಮರೆಯಾದವು. ಪೂಜೆಯ ದಿನ ಅಕ್ಕಪಕ್ಕದ ಶೆಡ್ಡಿನವರೆಲ್ಲ ನೋಡಲು ಬಂದರು. ಯಾವುದಕ್ಕೂ ತಲೆದೂಗದ ನರಸಪ್ಪ ಎನ್ನುವ ಆಪರೇಟರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು, ಬಸವನ ಮುಂದೆ ಕೈ ಮುಗಿದು ನಿಂತ. ಆಮೇಲೆ, "ನಮ್ಮೂರ ಬಸಪ್ಪನ್ನೂ ಇಷ್ಟು ಚೆಂದಾಗಿ ಮಾಡಿಲ್ಲ ಕಣಮ್ಮಾ," ಎಂದ. ಆ ಮಾತನ್ನು ನಾನು ತುಂಬ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ಪೂಜೆಯ ಹೂವು ಬಾಡಿದವು, ತೆಗೆದು ಬಾವಿಗೆ ಹಾಕಿದರಂತೆ. ನಂದಿಯ ಮುಖ ಹಾಗೇ ಉಳಿಯಿತು. ಕಮಲವೂ ಉಳಿಯಿತು. ಕುಂಕುಮ ಹಚ್ಚಿ ಆರತಿ ಬೆಳಗಿದ್ದನ್ನು ಬಿಚ್ಚಿ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ.

ಈ ವರ್ಷದ ಶ್ರಾವಣದಲ್ಲಿ ಅದೇ ಪ್ರೆಸ್ಸಿಗೆ ಸಿಕ್ಕಿ ರಾಣಿಯ ಬಲಗೈಯ ಎರಡು ಬೆರಳು ಹೋದವು.

"ಹುಷಾರಿಲ್ದೆ ಕೈ ಇಟ್ಟಳವ್ವ," ಎಂದಿದ್ದ ಮಲ್ಲಿ ಅಂದು. ತಾನೇ ಕಾರಿನಲ್ಲಿ ಅವಳನ್ನು ಇ.ಎಸ್.ಐ. ಆಸ್ಪತ್ರೆಗೆ ಕರೆದೊಯ್ದಿದ್ದ, ಸೀಟಿನ ಕಲೆಯನ್ನು ತಾನೇ ಉಜ್ಜಿ ತೊಳೆದ. ನಾನು ಮಾರನೆಯ ದಿನ ಹಣ್ಣು ತೆಗೆದುಕೊಂಡು ಹೋದೆ. ಔಷಧಿಯ ಮಂಪರಿನಲ್ಲಿ ಮಲಗಿದ್ದಳು. ಪಕ್ಕದ ಮಂಚದ ಬಾಣಂತಿಯೊಬ್ಬಳು ತನ್ನ ಮಗುವನ್ನು ಒಂದು ತೋಳಿನಲ್ಲಿ ಹಿಡಿದು ಇನ್ನೊಂದು ಕೈಯಿಂದ ರಾಣಿಗೆ ನೊಣ ಓಡಿಸುತ್ತಿದ್ದಳು. ಅಷ್ಟು ನೋಡಿ ಬಂದೆ. ಹುಷಾರಿಲ್ಲದೆ ಕೈ ಇಟ್ಟಳು ಎನ್ನುವ ಮಾತನ್ನೇ ನಾನೂ ನಂಬಿದ್ದೆ.

ಹೊಸ ಅಲಂಕಾರಕ್ಕೆ ಏನೇನು ಬೇಕು ನೋಡಿಕೊಳ್ಳಲು ಎರಡು ದಿನ ಬಿಟ್ಟು ಶೆಡ್ಡಿಗೆ ಹೋದೆ. ಊಟದ ಹೊತ್ತು. ಮಿಷನ್ನುಗಳು ನಿಂತಿದ್ದವು. ಮುನಿಯಣ್ಣ ಸ್ಟೂಲನ್ನು ತನ್ನ ಟವೆಲಿನಿಂದ ಒರೆಸಿ ನನ್ನನ್ನು ಕೂರಿಸಿದ. ನಂದಿಯ ಮುಖಕ್ಕೆ ಒಂದು ವರ್ಷದ ಎಣ್ಣೆಮಸಿ ಹತ್ತಿತ್ತು. ಆದರೆ ಬಲಗಡೆಯ ಕಮಲ ಮಾತ್ರ ನಿನ್ನೆ ಮೊನ್ನೆ ಮಾಡಿದ್ದರ ಹಾಗೆ ಶುಭ್ರವಾಗಿತ್ತು.

"ಇದನ್ನ ಯಾರಪ್ಪ ಒಗೆದದ್ದು?"

"ನಮ್ಮನೆಯೋಳು," ಎಂದ. ಟವೆಲನ್ನು ಹೆಗಲಿಗೆ ಹಾಕಿಕೊಳ್ಳುತ್ತ, "ಕಲೆ ಆಗಿತ್ತಲ್ಲಮ್ಮ," ಎಂದ.

ಯಾವ ಕಲೆ ಎಂದು ಕೇಳಬೇಕಾಗಿರಲಿಲ್ಲ. ಎದ್ದು ಹೋಗಿ ಕಮಲವನ್ನು ಎತ್ತಿ ನೋಡಿದೆ. ಕೆಳಗೆ ಅದೇ ಟೈರಿನ ತುಂಡು. ತಂತಿ ಮಾತ್ರ ಹೊಸದು, ಹೊಳೆಯುತ್ತಿತ್ತು.

"ಇದು ಯಾಕೆ ಕಟ್ಟಿರೋದು ಅಂತ ಇವತ್ತು ಹೇಳಪ್ಪ."

ಮುನಿಯಣ್ಣ ಬಾಗಿಲ ಕಡೆ ನೋಡಿದ. ಆಮೇಲೆ ನಿಂತಿದ್ದ ಪ್ರೆಸ್ಸಿನ ಮುಂದೆ ಬಂದು ಎರಡೂ ಅಂಗೈಗಳನ್ನು ಎರಡು ಬಟನ್ನುಗಳ ಮೇಲಿಟ್ಟು ತೋರಿಸಿದ. "ನೋಡಿ, ಎಲ್ಡೂ ಒಟ್ಟಿಗೆ ಒತ್ತಿದ್ರೆ ತಾನೇ ಇದು ಕೆಳಗಿಳಿಯಾದು. ಎಲ್ಡು ಕೈಯೂ ಇಲ್ಲಿದ್ರೆ ಒಳಕ್ಕೆ ಎಲ್ಲಿಂದ ಓಯ್ತದೆ? ಅದಕ್ಕೇ ಮಾಡವ್ರೆ ಇಂಗೆ. ಒಂದನ್ನ ಕಟ್ಬುಟ್ರೆ ಒಂದು ಕೈಲಿ ಒತ್ತಾದು, ಇನ್ನೊಂದು ಕೈಲಿ ತಗಡು ಮಡಗಾದು, ತಗಿಯಾದು. ಕೆಲ್ಸ ಜೋರಾಗಿ ಓಡ್ತದೆ. ಪೀಣ್ಯದಾಗೆ ಯಾರು ಕಟ್ಟಕ್ಕಿಲ್ಲ ಯೋಳಿ."

"ಮತ್ತೆ ರಾಣಿ ಬೆರಳು ಹೋದಮೇಲೆ ವಿಚಾರಣೆಗೆ ಬಂದವರು ಇದನ್ನ ನೋಡಲಿಲ್ವಾ?"

"ಅವ್ರು ಬರೋ ಮುಂಚೆ ಬಿಚ್ಚಿದ್ವಿ. ಓದ ಮೇಲೆ ಕಟ್ಟುದ್ವಿ." ಟವೆಲಿನಿಂದ ಮುಖ ಒರೆಸಿಕೊಂಡ. "ಅದಕ್ಕೂ ಮುಂಚೆ, ಯುಗಾದಿ ಟೈಮಲ್ಲಿ, ಮಾಲು ತಗೊಳ್ಳೋ ಕಂಪನಿಯೋರು ಒಬ್ರು ಎಲ್ಲಾ ಮಿಸಿನ್ನೂ ಚೆಕ್ ಮಾಡಕ್ಕೆ ಬಂದಿದ್ರು ಕಣಮ್ಮ. ಒಂದೊಂದೇ ಬಟನ್ನು ಮುಟ್ಟಿ ಮುಟ್ಟಿ ನೋಡ್ತಿದ್ರು. ಇಲ್ಲಿಗೆ ಬಂದೋರು ನಿಮ್ಮ ಕಮಲ, ಕುಂಕುಮ ನೋಡ್ಬುಟ್ಟು ಕೈ ಮುಗಿದು ಮುಂದಕ್ಕೋದ್ರು. ಪೂಜೆ ಮಾಡಿದ್ದನ್ನ ಎತ್ತಿ ನೋಡಕ್ಕೆ ಅವ್ರಿಗೂ ಅಂಜಿಕೆ."

ನಾನು ಮತ್ತೆ ಸ್ಟೂಲಿನ ಮೇಲೆ ಕುಳಿತೆ. ಮುನಿಯಣ್ಣ ಲೋಟದಲ್ಲಿ ನೀರು ತಂದುಕೊಟ್ಟ. ಕುಡಿಯುವವರೆಗೂ ಎದುರಿಗೇ ನಿಂತಿದ್ದ.

ಅಲ್ಲಿಂದ ಮನೆಗೆ ಹೋಗಲಿಲ್ಲ. ಆಟೋ ಹಿಡಿದು ಹೆಗ್ಗನಹಳ್ಳಿಗೆ ಹೋದೆ. ರಾಣಿಯ ಮನೆ ಸಂದಿಯ ಕೊನೆಯಲ್ಲಿ, ಶೀಟು ಹೊದಿಸಿದ್ದು. ಅವಳ ಅತ್ತೆ ಸೊಣ್ಣಮ್ಮ ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ನನ್ನನ್ನು ನೋಡಿ ಏಳಲೂ ಇಲ್ಲ, ಹೋಗು ಅನ್ನಲೂ ಇಲ್ಲ.

"ಬಂದ್ರಾ? ಕುತ್ಕಳಿ. ನಿಮ್ಮ ಶೆಡ್ಡು ನಿಂತಿರೋ ಜಾಗ ನಮ್ಮ ಮಾವನ ರಾಗಿ ಹೊಲ ಕಣಮ್ಮ. ಮೊದ್ಲು ಹೊಲ ಓಯ್ತು. ಈಗ ಸೊಸೆ ಕೈ," ಎಂದು ಹೇಳಿ, ಒಳಗೆ ತಿರುಗಿ, "ರಾಣೀ, ನಿಮ್ಮ ಸಾರ್ ತಾಯಿ ಬಂದವ್ರೆ. ಟೀಗೆ ಇಡು, ಅಲ್ಲ ಬ್ಯಾಡ, ನಾನೇ ಇಡ್ತೀನಿ," ಎಂದು ಎದ್ದಳು.

ರಾಣಿ ಸೆರಗಿನಲ್ಲಿ ಬಲಗೈ ಸುತ್ತಿಕೊಂಡು ಬಂದು ಕುಳಿತಳು. ಅವಳ ರವಿಕೆಗೆ ಕೊಕ್ಕೆಗಳ ಬದಲು ದೊಡ್ಡ ಒತ್ತುಗುಂಡಿಗಳಿದ್ದವು. ನಾನು ನೋಡಿದ್ದನ್ನು ಅವಳೂ ನೋಡಿದಳು. "ಪಕ್ಕದ್ಮನೆ ವೆಂಕಟಮ್ಮ ಹೊಲ್ಕೊಟ್ಳು. ಒಂದೇ ಕೈಲಿ ಹಾಕ್ಕೋಬೋದು. ಎಲ್ಲಾ ರವಿಕೆಗೂ ತಾನೇ ಕೇಳಿ ಈಸ್ಕೊಂಡೋಗಿ ಹೊಲ್ದವಳೆ," ಎಂದಳು.

ನಾನು ಏನು ಕೇಳಲು ಬಂದಿದ್ದೇನೆ ಎನ್ನುವುದನ್ನು ಬಾಯಿಗೆ ತರಲು ತಡವಾಯಿತು. ಕೊನೆಗೆ, "ಆ ಬಟನ್ನು ಕಟ್ಟಿರೋದು ನಿನಗೆ ಗೊತ್ತಿತ್ತೇನಮ್ಮ?" ಎಂದೆ.

"ಎಲ್ರಿಗೂ ಗೊತ್ತು. ನನ್ನ ಆ ಪ್ರೆಸ್ಸಿಗೆ ಹಾಕಿ ಮೂರು ತಿಂಗಳಾಗಿತ್ತು. ನಾವೆಲ್ಲ ತಮಾಷೆ ಮಾಡ್ತಿದ್ವಿ ಅಮ್ಮ. ಈ ಕಡೆ ಬಟನ್ನು ನಾವು ಒತ್ತೋದು, ಆ ಕಡೇದು ದೇವ್ರೇ ಒತ್ಕೊಂಡು ಕೂತವ್ನೆ ಅಂತ." ಅವಳು ನಗಲಿಲ್ಲ. "ಮೇಲೆ ಕಮಲ ಇತ್ತಲ್ಲ. ನೋಡಿದಾಗೆಲ್ಲ ಏನೂ ಆಗಲ್ಲ ಅನ್ಸದು. ಭಯಾನೇ ಹೊಂಟೋಗಿತ್ತು."

ಸೊಣ್ಣಮ್ಮ ಟೀ ತಂದಿಟ್ಟಳು. ನನ್ನ ಲೋಟಕ್ಕೆ ಕೆನೆ ಬೀಳದಂತೆ ಸೆರಗಿನಲ್ಲಿ ಸೋಸಿದ್ದಳು. ಅದನ್ನು ಕುಡಿಯುವುದು ನನಗೆ ಬಹಳ ಕಷ್ಟವಾಯಿತು.

ರಾಣಿ ಗೂಡಿನಿಂದ ಒಂದು ಕಾಗದ ತೆಗೆಸಿ ಕೊಟ್ಟಳು. ಶೆಡ್ಡಿನಿಂದ ಲೇಬರ್ ಆಫೀಸಿಗೆ ಕೊಟ್ಟ ವರದಿಯ ಪ್ರತಿ. ಕೆಳಗೆ ಮಲ್ಲಿಯ ಸಹಿ. ಕಾರ್ಮಿಕಳ ಅಜಾಗರೂಕತೆಯಿಂದ ಸಂಭವಿಸಿದ ಅಪಘಾತ ಎಂದು ಟೈಪು ಮಾಡಿದ್ದರು.

"ಆಸ್ಪತ್ರೆ ಖರ್ಚು ಸಾರ್ ಕೊಟ್ರು, ಇಲ್ಲ ಅನ್ನಲ್ಲ. ಆದ್ರೆ ಇದು..." ಎಡಗೈ ಬೆರಳನ್ನು ಅಜಾಗರೂಕತೆ ಎನ್ನುವ ಪದದ ಕೆಳಗೆ ಇಟ್ಟಳು. "ಇನ್ನೂ ಒಂದೂವರೆ ಕೈ ಇದೆ ನಂಗೆ. ಪ್ಯಾಕಿಂಗು, ಚೆಕಿಂಗು ಎಲ್ಲಾ ಮಾಡ್ಬೋದು. ಎರಡು ಶೆಡ್ಡಿಗೆ ಹೋಗಿ ಕೇಳ್ದೆ. ಕೈ ನೋಡಿ ಬ್ಯಾಡ ಅನ್ನಲಿಲ್ಲ ಅಮ್ಮ. 'ಮಲ್ಲಿಕ್ ಸಾರ್ ಶೆಡ್ಡಲ್ಲಿ ಹುಷಾರಿಲ್ದೆ ಕೈ ಕೊಟ್ಟೋಳು ನೀನೇ ಅಲ್ವಾ' ಅಂದ್ರು. ಅಂಥೋಳ್ನ ಯಾರು ತಗೋತಾರೆ? ಆರು ವರ್ಷದಲ್ಲಿ ನಾನೊಂದು ಪೀಸು ಕೆಡಿಸಿಲ್ಲ. ಹಬ್ಬ ಆದ್ಮೇಲೆ ಲೇಬರ್ ಆಫೀಸಲ್ಲಿ ಕರ್ದವ್ರೆ. ನಂಗೆ ಈ ಮಾತೊಂದು ಹೋಗ್ಬೇಕು. ತಂತಿ ಕಟ್ಟಿದ್ರು ಅಂತ ನಾನೊಬ್ಳೇ ಹೇಳಿದ್ರೆ ಯಾರು ನಂಬ್ತಾರೆ? ಶೆಡ್ಡಲ್ಲಿ ಯಾರೂ ಬಾಯಿ ಬಿಡಲ್ಲ. ಅವ್ರಿಗೂ ಹೊಟ್ಟೆ ಇದೆ."

ನಾನು ಹೇಳುತ್ತೇನೆ ಎಂದು ಅಲ್ಲೇ ಹೇಳಬಹುದಾಗಿತ್ತು. ಹೇಳಲಿಲ್ಲ. ನೋಡೋಣಮ್ಮ ಎಂದು ಎದ್ದು ಬಂದೆ. ಸಂದಿಯ ತುದಿಯವರೆಗೂ ಸೊಣ್ಣಮ್ಮ ಜೊತೆಗೆ ಬಂದು, ಕೊಚ್ಚೆಗೆ ಹಾಕಿದ್ದ ಹಲಗೆಯ ಮೇಲೆ ನಡೆಯುವಾಗ ನನ್ನ ಮೊಳಕೈ ಹಿಡಿದುಕೊಂಡಳು.

ಸಂಜೆ ಮಲ್ಲಿ ಬಂದ ಮೇಲೆ, ರಾಣಿಯ ಮನೆಗೆ ಹೋಗಿ ಟೀ ಕುಡಿದು ಬಂದದ್ದನ್ನು ಹೇಳಿ ಮಾತು ತೆಗೆದೆ.

"ವರದಿಯಲ್ಲಿರೋ ಆ ಅಜಾಗರೂಕತೆ ಅನ್ನೋ ಪದ ತೆಗೆದು ಬರೀಬೇಕು ಮಲ್ಲಿ. ತಂತಿ ಬಿಚ್ಚಿಸಬೇಕು."

ಅವನು ಶೂ ಬಿಚ್ಚುತ್ತಿದ್ದವನು ಹಾಗೇ ತಲೆಯೆತ್ತಿದ. "ಆ ಪದ ತೆಗೆದ್ರೆ ತಪ್ಪು ಯಾರದಾಗುತ್ತೆ ಹೇಳು."

"ಯಾರದೋ ಅವರದು."

"ನಂದು. ಹೊಸ ಕಂಪನಿಯೋರು ಬರೋ ಹೊತ್ತಿನಾಗೆ ನಾನು ಹೋಗಿ ತಪ್ಪಾಯ್ತು ಅಂತ ಬರ್ಕೊಡ್ಲಾ? ಈ ಆರ್ಡರ್ ತಪ್ಪಿದ್ರೆ ಎಂಟು ಜನಾನ ಮನೆಗೆ ಕಳಿಸ್ಬೇಕಾಗುತ್ತೆ, ಗೊತ್ತೇನು? ಆ ಎಂಟು ಮನೆಗೆ ನೀನು ಹೋಗಿ ಟೀ ಕುಡ್ಕೊಂಡು ಬರ್ತೀಯೇನವ್ವ?"

"ನಾಳೆ ನರಸಪ್ಪನ ಕೈ ಹೋದ್ರೆ?"

"ಹೋಗಲ್ಲ. ಹುಷಾರಾಗಿರ್ತಾರೆ."

"ರಾಣಿಯೂ ಹುಷಾರಾಗೇ ಇದ್ದಳು."

ಅವನಿಗೆ ಸಿಟ್ಟು ಬಂತು. "ತಂತಿ ಕಟ್ಟಿದೋನು ನಾನು, ಆಯ್ತು. ಅದಕ್ಕೆ ಹೂವು ಮುಡಿಸಿದೋಳು ಯಾರು? ಅದನ್ನ ದೇವರು ಮಾಡಿದೋಳು ಯಾರು? ನೀನೇ ಅಲ್ಲೇನು? ಆಗ ಯಾಕೆ ಕೇಳ್ಲಿಲ್ಲ?"

ಅವನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ಬಂದ. ನನ್ನ ಕಡೆ ನೋಡದೆ ಬಚ್ಚಲಿಗೆ ಹೋಗಿ, ನನ್ನ ಮಂಡಿಗೆ ಶಾಖ ಕೊಡುವ ನೀರು ಕಾಯಲು ಗೀಸರ್ ಹಾಕಿ ಹೋದ. ಅಷ್ಟು ಸಿಟ್ಟಿನಲ್ಲೂ ಅದನ್ನು ಮರೆತಿರಲಿಲ್ಲ. ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂದಿನ ದಿನಗಳಲ್ಲಿ ಬೆಳಗಿನ ಲಿಂಗಪೂಜೆಗೆ ಕುಳಿತರೆ ಅಂಗೈಯ ಮೇಲೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಹಸೆಗೋಡೆಗಳೆಲ್ಲ ನೆನಪಿಗೆ ಬರುತ್ತಿದ್ದವು. ಜನ ದನಿ ತಗ್ಗಿಸಿದ್ದು ಭಕ್ತಿಯಿಂದಲೋ, ಅಥವಾ ಚೆಂದದ ಮುಂದೆ ಪ್ರಶ್ನೆ ಕೇಳಬಾರದು ಎಂದೋ? ಒಂದು ಮದುವೆಯಲ್ಲಿ ನಾನು ಬರೆದ ಹಸೆಯ ಮುಂದೆ ಕುಳಿತಿದ್ದ ಹದಿನಾರರ ಹುಡುಗಿ ಇಡೀ ಹೊತ್ತು ಅಳುತ್ತಿದ್ದದ್ದು ಈಗ ಕಣ್ಣಿಗೆ ಕಟ್ಟುತ್ತಿತ್ತು. ಆ ದಿನ ನಾನು ನೋಡಿದ್ದು ಎಳೆಗಳು ನೆಟ್ಟಗಿವೆಯೇ ಎಂದು ಮಾತ್ರ.

ಪೂಜೆಗೆ ಎರಡು ದಿನ ಮೊದಲೇ ಹೋಗಿ ಲೇಥು, ಡ್ರಿಲ್ಲು, ತಗಡು ಕತ್ತರಿಸುವ ಮಿಷನ್ನು ಎಲ್ಲದಕ್ಕೂ ಬಣ್ಣ ಹಚ್ಚಿದೆ, ರಂಗೋಲಿ ಹಾಕಿದೆ. ಬಸವನ ಹತ್ತಿರ ಮಾತ್ರ ಹೋಗಲಿಲ್ಲ. ಪೂಜೆಯ ಬೆಳಿಗ್ಗೆ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಬಂದರು. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು ಎಲ್ಲ ತಯಾರಾಗಿತ್ತು. ಎಲ್ಲರ ಕಣ್ಣೂ ನಡುವೆ ಮಸಿ ಮೆತ್ತಿಕೊಂಡು ನಿಂತಿದ್ದ ಪ್ರೆಸ್ಸಿನ ಕಡೆಗೇ.

ಈಗ ಅದನ್ನು ನಡೆಸುತ್ತಿದ್ದವನು ನರಸಪ್ಪ. ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬಸವಂಗೆ ಯಾಕಮ್ಮ ಏನೂ ಮಾಡಿಲ್ಲ?" ಎಂದ.

"ನನ್ನ ಕೈಲಿ ಆಗ್ತಾ ಇಲ್ಲ ನರಸಪ್ಪ."

"ಹಂಗನ್ಬೇಡಿ. ಒಂದು ಸಲ ರಕ್ತ ಕುಡ್ದಿದೆ ಅದು. ಪೂಜೆ, ಅಲಂಕಾರ ಇಲ್ದೆ ಬಿಟ್ರೆ ನಾಳೆ ನಾನು ಅದ್ರ ಮುಂದೆ ಹೆಂಗೆ ಕೂತ್ಕೊಳ್ಳಲಿ?" ಅವನ ಹಣೆಯಲ್ಲಿ ಬೆವರಿತ್ತು. "ನನಗೂ ಎರಡು ಮಕ್ಕಳಿದಾವೆ."

"ಅಲಂಕಾರ ಮಾಡಿದರೆ ಕೂತ್ಕೋತೀಯ?"

"ಧೈರ್ಯ ಬರ್ತದಮ್ಮ."

"ಅದೇ ನನಗೆ ಭಯ," ಎಂದೆ. "ಆ ಧೈರ್ಯ ರಾಣಿಗೂ ಬಂದಿತ್ತು. ಬಲಗಡೆ ಕಟ್ಟಿರೋ ತಂತಿ ಹೋಗೋವರೆಗೂ ನಾನು ಅದಕ್ಕೆ ಒಂದು ಬೊಟ್ಟೂ ಇಡೋದಿಲ್ಲಪ್ಪ."

ನಾನು ಮೆಲ್ಲಗೆ ಹೇಳಿದರೂ, ಮಿಷನ್ನುಗಳು ನಿಂತ ಶೆಡ್ಡಿನಲ್ಲಿ ಆ ಮಾತು ಎಲ್ಲರಿಗೂ ಕೇಳಿಸಿತು. ಬಾಗಿಲ ಹೊರಗೆ ಕಾರುಗಳು ಬಂದು ನಿಂತ ಸದ್ದಾಯಿತು. ನಾನೇ ಹೋಗಿ ಕಮಲದ ದಾರ ಬಿಚ್ಚಿದೆ. ತಂತಿಯನ್ನು ಬಿಚ್ಚಲು ಹೋದರೆ ಬೆರಳಿಗೆ ಚುಚ್ಚಿತೇ ಹೊರತು ಸಡಿಲವಾಗಲಿಲ್ಲ.

"ಸರೀರಿ ಅಮ್ಮ," ಎಂದು ಪಕ್ಕಕ್ಕೆ ಬಂದ ಮುನಿಯಣ್ಣ. ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದ. ಪೂಜೆಯ ದಿನ ಹತಾರಗಳನ್ನೆಲ್ಲ ದೇವರ ಮುಂದೆ ಇಟ್ಟಿರುತ್ತಾರೆ, ಮುಟ್ಟುವುದಿಲ್ಲ. ಅವನು ಅದೊಂದನ್ನು ಇಟ್ಟಿರಲಿಲ್ಲ. ಎರಡು ಕಡೆ ಕತ್ತರಿಸಿದ. ಟೈರಿನ ತುಂಡು ನೆಲಕ್ಕೆ ಬಿತ್ತು, ಇಷ್ಟು ದಿನ ಒತ್ತಿಕೊಂಡಿದ್ದ ಬಟನ್ನು ಟಕ್ ಎಂದು ಮೇಲೆ ಬಂತು.

ಮಲ್ಲಿ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದದ್ದು ಆಗಲೇ. ಮೂವರು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿ, "ಬಹಳ ಚೆನ್ನಾಗಿ ಮಾಡಿದೀರಿ. ಈ ದೊಡ್ಡದನ್ನ ಯಾಕೆ ಹಾಗೇ ಬಿಟ್ಟಿದೀರಿ?" ಎಂದರು.

ಮಲ್ಲಿ ನನ್ನನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಜ್ವರ ಬಂದರೆ ಹಾಗೆ ನೋಡುತ್ತಿದ್ದ.

"ಇದರಲ್ಲಿ ಒಬ್ಬ ಹುಡುಗಿಯ ಎರಡು ಬೆರಳು ಹೋದವು," ಎಂದೆ. "ಬಲಗಡೆಯ ಬಟನ್ನು ಕಟ್ಟಿಹಾಕಿತ್ತು. ಕಟ್ಟಿದ್ದು ಕಾಣದ ಹಾಗೆ ಈ ಕಮಲ ಮಾಡಿ ಮುಚ್ಚಿದವಳು ನಾನು. ನೋಡಲು ಚೆನ್ನಾಗಿಲ್ಲ ಅಂತ ಮುಚ್ಚಿದೆ. ಈಗ ಬಿಚ್ಚಿದ್ದಾರೆ. ಅದಕ್ಕೇ ಇನ್ನೂ ಅಲಂಕಾರ ಆಗಿಲ್ಲ."

ಆ ಹಿರಿಯರು ನೆಲದ ಮೇಲೆ ಬಿದ್ದಿದ್ದ ಟೈರಿನ ತುಂಡು ನೋಡಿ, "ನಮಗೆ ಇನ್ನೊಂದು ಕಡೆ ಪೂಜೆ ಇದೆ," ಎಂದರು. ಪ್ರಸಾದದ ಪೊಟ್ಟಣವನ್ನು ಮಾತ್ರ ಬೇಡವೆನ್ನದೆ, ಎರಡೂ ಕೈ ಚಾಚಿ ತೆಗೆದುಕೊಂಡು ಹೋದರು. ಮಲ್ಲಿ ಅವರನ್ನು ಕಾರಿನವರೆಗೆ ಬಿಟ್ಟು ಬರಲು ಹೋದವನು ತಾನೂ ಒಳಗೆ ಬರಲಿಲ್ಲ.

ಪೂಜೆ ನಿಂತುಹೋಯಿತು ಅಂದುಕೊಂಡೆ. ಆದರೆ ನರಸಪ್ಪ ಚಿಂದಿ ಬಟ್ಟೆಗೆ ಸೀಮೆಎಣ್ಣೆ ಅದ್ದಿ ನಂದಿಯ ಮುಖ ಒರೆಸತೊಡಗಿದ. ಇನ್ನಿಬ್ಬರು ಅವನ ಜೊತೆ ಸೇರಿದರು. ಮುನಿಯಣ್ಣ ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆರೆದು ಕುಂಚದ ಜೊತೆ ನನ್ನ ಮುಂದೆ ಹಿಡಿದ. ನಾನು ಎರಡೂ ಬಟನ್ನುಗಳ ಸುತ್ತ, ಅವಕ್ಕೆ ತಾಗದಂತೆ, ಬಿಳಿಯ ಎಸಳುಗಳನ್ನು ಬರೆದೆ. ಎಸಳಿನ ಹೊರಗೆ ಹಳದಿ ಚುಕ್ಕಿ, ಅದರ ಹೊರಗೆ ಇನ್ನೊಂದು ಸುತ್ತು ಎಸಳು. ಶೆಡ್ಡಿನ ಯಾವ ಮೂಲೆಯಿಂದ ನೋಡಿದರೂ ಮೊದಲು ಆ ಎರಡು ಬಟನ್ನುಗಳೇ ಕಾಣಬೇಕು, ಖಾಲಿಯಾಗಿ, ತೆರೆದುಕೊಂಡು. ಎಳೆಗಳು ಅಷ್ಟು ನೆಟ್ಟಗೆ ಬರಲಿಲ್ಲ.

ಆ ಆರ್ಡರು ಬರಲಿಲ್ಲ. ಮಲ್ಲಿ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ.

ಲೇಬರ್ ಆಫೀಸಿನ ದಿನ ನಾನು ಒಬ್ಬಳೇ ಬಸ್ಸಿನಲ್ಲಿ ಹೋದೆ. ರಾಣಿ ಸೊಣ್ಣಮ್ಮನ ಜೊತೆ ಬೆಂಚಿನ ಮೇಲೆ ಕುಳಿತಿದ್ದಳು. ನಾನು ಬಂದದ್ದನ್ನು ಕಂಡು ಎದ್ದು ಜಾಗ ಬಿಟ್ಟಳು. ಮಲ್ಲಿ ಕಿಟಕಿಯ ಹತ್ತಿರ ನಿಂತಿದ್ದ. ಒಳಗೆ ಕರೆದಾಗ, ಬರೆದುಕೊಳ್ಳುತ್ತಿದ್ದ ಅಧಿಕಾರಿ ತಲೆಯೆತ್ತದೆ ಕೇಳಿದರು.

"ಮಾಲೀಕರಿಗೆ ನೀವೇನಾಗಬೇಕಮ್ಮ?"

"ತಾಯಿ."

"ಅವರ ಕಡೆ ಸಾಕ್ಷಿನಾ?"

"ಅಲ್ಲ, ರಾಣಿಯ ಕಡೆ."

ಆಗ ಅವರು ತಲೆಯೆತ್ತಿದರು. ನಾನು ಹೇಳುವುದನ್ನೆಲ್ಲ ಹೇಳಿದೆ, ಕಳೆದ ವರ್ಷದ ತಂತಿ, ಈ ವರ್ಷದ ಹೊಸ ತಂತಿ, ಕಮಲ. ಅವರು ಪೆನ್ನನ್ನು ತಡೆದು, "ಅದು ಯಾಕೆ ಕಟ್ಟಿದ್ದು ಅಂತ ನಿಮಗೆ ಗೊತ್ತಿರಲಿಲ್ಲ, ಅಲ್ವಾ? ಗೊತ್ತಿಲ್ಲದೆ ಮುಚ್ಚಿದೆ ಅಂತ ಬರೀಲಾ?" ಎಂದರು. ನನ್ನ ವಯಸ್ಸು ನೋಡಿ, ಒಂದು ಆಸರೆ ಕೊಡಲೆಂದು ಕೇಳಿದ್ದು.

"ಬೇಡ," ಎಂದೆ. "ಕೇಳಬಹುದಾಗಿತ್ತು, ಕೇಳಲಿಲ್ಲ ಅಂತ ಬರೀರಿ."

ಅವರು ಮಲ್ಲಿಯ ಕಡೆ ತಿರುಗಿ, "ನಿಮಗೆ ಏನಾದ್ರೂ ಹೇಳೋದಿದ್ಯಾ?" ಎಂದರು. ಫ್ಯಾನು ಕಟಕಟ ಎನ್ನುತ್ತ ತಿರುಗುತ್ತಿತ್ತು. ಮಲ್ಲಿ ಮೇಜಿನ ಹತ್ತಿರಕ್ಕೆ ಬಂದ.

"ಇಲ್ಲ. ಅವ್ವ ಹೇಳಿದ್ದು ಸರಿ," ಎಂದ. "ಕಟ್ಟೋಕೆ ಹೇಳಿದ್ದು ನಾನೇ."

ಸಹಿ ಹಾಕಿ ಅವನು ಹೊರಟುಹೋದ. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತಂತೆ ಕಂಡಿತು, ಆದರೆ ತಿರುಗಲಿಲ್ಲ. ಹಳೆಯ ವರದಿಯಲ್ಲಿದ್ದ ಆ ಸಾಲನ್ನು ಹೊಡೆದುಹಾಕಿ, ಯಂತ್ರದ ರಕ್ಷಣಾ ಬಟನ್ನನ್ನು ಕಟ್ಟಿಹಾಕಿದ್ದರಿಂದ ಆದ ಅಪಘಾತ, ಕಾರ್ಮಿಕಳ ತಪ್ಪಿಲ್ಲ ಎಂದು ಬರೆದು, ಮೊಹರು ಹಾಕಿ, ಅಧಿಕಾರಿ ರಾಣಿಯ ಕೈಗೆ ಕಾಗದ ಕೊಟ್ಟರು. ಅವಳು ಅಲ್ಲೇ ನಿಂತು, ತುಟಿ ಆಡಿಸುತ್ತ, ಒಂದೊಂದೇ ಅಕ್ಷರ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

"ಇಲ್ಲಿ ಜೆರಾಕ್ಸ್ ಎಲ್ಲಿ ಮಾಡ್ತಾರೆ ಸಾರ್?" ಎಂದು ಕೇಳಿದಳು.

ರಸ್ತೆ ದಾಟಿದರೆ ಅಂಗಡಿ. ಮೂವರೂ ಹೋದೆವು. ಅಂಗಡಿಯವನು "ಎಷ್ಟಮ್ಮ?" ಎಂದ.

"ಹತ್ತು," ಎಂದಳು ರಾಣಿ. "ಹತ್ತು ಶೆಡ್ಡಿಗೆ ಹೋಗೋದಿದೆ."

ಬಿಸಿ ಬಿಸಿಯಾಗಿ ಒಂದೊಂದೇ ಹಾಳೆ ಹೊರಗೆ ಬಂತು. ಅವಳು ಅವನ್ನು ಎಡಗೈಯಿಂದ ಜೋಡಿಸುತ್ತಿದ್ದಳು, ಒಂದು ಜಾರಿದರೆ ಬಲಗೈಯ ಉಳಿದ ಬೆರಳುಗಳಿಂದ ಒತ್ತಿ ಹಿಡಿದುಕೊಳ್ಳಲು ನೋಡುತ್ತಿದ್ದಳು.

"ಕೊಡಮ್ಮ, ನಾನು ಹಿಡ್ಕೋತೀನಿ," ಎಂದು ಕೈ ಚಾಚಿದೆ.

"ಬ್ಯಾಡಿ ಅಮ್ಮ," ಎಂದಳು, ಹಾಳೆಗಳಿಂದ ಕಣ್ಣು ತೆಗೆಯದೆ. "ನಾನೇ ಹಿಡ್ಕೋತೀನಿ."